ಸೋಲಿಗೆ ಕೊಟ್ಟುಕೊಳ್ಳುವ ಕಾರಣದಲ್ಲೇ ಇದೆ ಆಶಾವಾದದ ಬೇರು

ದ್ವಿತೀಯ ಪಿಯುಸಿ ಫಲಿತಾಂಶ ಪ್ರಕಟವಾಗುವ ದಿನ. ಒಂದೇ ಬಡಾವಣೆಯ ಎರಡು ಮನೆಗಳಿಗೆ ಒಂದೇ ಬಗೆಯ ಸುದ್ದಿ ಬಂದಿದೆ ಎಂದು ಭಾವಿಸೋಣ. ಇಬ್ಬರು ವಿದ್ಯಾರ್ಥಿಗಳೂ ಗಣಿತದಲ್ಲಿ ಅನುತ್ತೀರ್ಣರಾಗಿದ್ದಾರೆ. ಮೊದಲನೆಯವನು ಕೋಣೆಯ ಬಾಗಿಲು ಹಾಕಿಕೊಂಡು, "ನನ್ನ ತಲೆಗೆ ಗಣಿತ ಹತ್ತುವುದೇ ಇಲ್ಲ, ನನ್ನ ಹಣೆಬರಹವೇ ಇಷ್ಟು, ನಾನು ಯಾವುದಕ್ಕೂ ಲಾಯಕ್ಕಿಲ್ಲ" ಎಂದುಕೊಳ್ಳುತ್ತಾನೆ. ಎರಡನೆಯವನಿಗೂ ದುಃಖ ಕಡಿಮೆಯೇನಲ್ಲ. ಆದರೆ ಅವನು ಹೇಳಿಕೊಳ್ಳುವ ಮಾತು ಬೇರೆ: "ಕಲನಶಾಸ್ತ್ರದ ಅಧ್ಯಾಯಗಳನ್ನು ಕೊನೆಯ ವಾರಕ್ಕೆ ಉಳಿಸಿಕೊಂಡೆ, ಅದೇ ಮುಳುವಾಯಿತು. ಈ ಸಲ ಅಲ್ಲಿಂದಲೇ ಆರಂಭಿಸಬೇಕು."

ಮರುಪರೀಕ್ಷೆಗೆ ಪುಸ್ತಕ ತೆರೆಯುವವರು ಈ ಇಬ್ಬರಲ್ಲಿ ಯಾರು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಇಬ್ಬರ ಅಂಕಪಟ್ಟಿಯೂ ಒಂದೇ, ಬುದ್ಧಿಶಕ್ತಿಯೂ ಹೆಚ್ಚುಕಡಿಮೆ ಒಂದೇ ಇರಬಹುದು. ವ್ಯತ್ಯಾಸವಿರುವುದು ನಡೆದ ಘಟನೆಗೆ ಅವರು ಕೊಟ್ಟುಕೊಂಡ ಕಾರಣದಲ್ಲಿ. ಆಶಾವಾದವೆಂದರೆ ಸದಾ ನಗುಮುಖದಿಂದ ಇರುವುದು, ಕೆಟ್ಟದ್ದನ್ನು ಕಂಡರೂ ಕಾಣದಂತಿರುವುದು ಎಂಬ ತಿಳಿವಳಿಕೆ ಸಾಮಾನ್ಯವಾಗಿದೆ. ಆದರೆ ಕಳೆದ ಸುಮಾರು ಅರ್ಧ ಶತಮಾನದಲ್ಲಿ ಮನೋವಿಜ್ಞಾನಿಗಳು ನಡೆಸಿದ ಅಧ್ಯಯನಗಳು ಬೇರೊಂದು ಚಿತ್ರವನ್ನು ಮುಂದಿಡುತ್ತವೆ. ಆಶಾವಾದ ಬಹುಮಟ್ಟಿಗೆ ಒಂದು ಅಭ್ಯಾಸ. ಆದ್ದರಿಂದಲೇ ಅದನ್ನು ರೂಢಿಸಿಕೊಳ್ಳಲೂ ಸಾಧ್ಯ ಎಂಬುದು ಅವುಗಳ ಸಾರ.

ಅಸಹಾಯಕತೆಯಿಂದ ಆರಂಭವಾದ ಕಥೆ

ಕುತೂಹಲದ ಸಂಗತಿಯೆಂದರೆ, ಆಶಾವಾದದ ವೈಜ್ಞಾನಿಕ ಅಧ್ಯಯನದ ಮುಖ್ಯ ಧಾರೆಯೊಂದು ಹುಟ್ಟಿದ್ದೇ ನಿರಾಶೆಯ ಅಧ್ಯಯನದಿಂದ. 1960ರ ದಶಕದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಸೆಲಿಗ್ಮನ್ ಮತ್ತು ಸ್ಟೀವನ್ ಮೇಯರ್ ಎಂಬ ಯುವ ಸಂಶೋಧಕರು ನಾಯಿಗಳ ಮೇಲೆ ಪ್ರಯೋಗವೊಂದನ್ನು ನಡೆಸಿದರು. ಇಂದು ಓದಿದರೆ ಮನಸ್ಸಿಗೆ ನೋವಾಗುವಂತಹ ಪ್ರಯೋಗ ಅದು. ಒಂದು ಗುಂಪಿನ ನಾಯಿಗಳಿಗೆ ವಿದ್ಯುತ್ ಆಘಾತ ತಗುಲಿದಾಗ, ಪಕ್ಕದ ಫಲಕವನ್ನು ತಲೆಯಿಂದ ಒತ್ತಿದರೆ ಅದು ನಿಲ್ಲುತ್ತಿತ್ತು. ಎರಡನೆಯ ಗುಂಪಿಗೂ ಅಷ್ಟೇ ಪ್ರಮಾಣದ ಆಘಾತ. ಆದರೆ ಅವು ಏನು ಮಾಡಿದರೂ ಅದು ನಿಲ್ಲುತ್ತಿರಲಿಲ್ಲ. ಮೂರನೆಯ ಗುಂಪಿಗೆ ಆಘಾತವೇ ಇರಲಿಲ್ಲ.

ಮರುದಿನ ಈ ಎಲ್ಲ ನಾಯಿಗಳನ್ನೂ ಒಂದು ತಗ್ಗು ಗೋಡೆಯಿದ್ದ ಪೆಟ್ಟಿಗೆಯಲ್ಲಿ ಬಿಡಲಾಯಿತು. ಆಘಾತ ಬಂದಾಗ ಗೋಡೆ ಹಾರಿದರೆ ಸಾಕು, ತಪ್ಪಿಸಿಕೊಳ್ಳಬಹುದಿತ್ತು. ಮೊದಲ ಮತ್ತು ಮೂರನೆಯ ಗುಂಪಿನ ನಾಯಿಗಳು ಬೇಗನೆ ಹಾರುವುದನ್ನು ಕಲಿತವು. ಎರಡನೆಯ ಗುಂಪಿನ ನಾಯಿಗಳ ಪೈಕಿ ಸುಮಾರು ಮೂರನೇ ಎರಡರಷ್ಟು ಮಾತ್ರ ಪ್ರಯತ್ನವನ್ನೇ ಕೈಬಿಟ್ಟು ಮಲಗಿಬಿಟ್ಟವು. 1967ರಲ್ಲಿ ಪ್ರಕಟವಾದ ಈ ಫಲಿತಾಂಶಕ್ಕೆ 'ಕಲಿತ ಅಸಹಾಯಕತೆ' ಎಂಬ ಹೆಸರು ಬಂತು. ತಾನು ಮಾಡುವ ಯಾವುದರಿಂದಲೂ ಏನೂ ಬದಲಾಗದು ಎಂಬ ಅನುಭವ, ಬದಲಾವಣೆ ಸಾಧ್ಯವಿರುವ ಕಡೆಯಲ್ಲೂ ಜೀವಿಯನ್ನು ಕಟ್ಟಿಹಾಕುತ್ತದೆ ಎಂಬುದು ಅದರ ತಾತ್ಪರ್ಯ.

ಆದರೆ ಅದೇ ಸ್ಥಿತಿಯಲ್ಲಿದ್ದೂ ಉಳಿದ ಮೂರನೇ ಒಂದರಷ್ಟು ನಾಯಿಗಳು ಕೈಚೆಲ್ಲಲಿಲ್ಲವಲ್ಲ, ಏಕೆ? ಈ ಪ್ರಶ್ನೆಯೇ ಸೆಲಿಗ್ಮನ್ ಅವರನ್ನು ನಿರಾಶೆಯಿಂದ ಆಶಾವಾದದ ಕಡೆಗೆ ತಿರುಗಿಸಿತು.

ಈ ಸಿದ್ಧಾಂತಕ್ಕೆ ಸುಮಾರು ಐವತ್ತು ವರ್ಷಗಳಾದ ಬಳಿಕ, 2016ರಲ್ಲಿ, ಅದೇ ಇಬ್ಬರು ವಿಜ್ಞಾನಿಗಳು ತಮ್ಮ ವಿವರಣೆಯನ್ನು ತಾವೇ ತಿದ್ದಿಕೊಂಡರು. ಮಿದುಳಿನ ಮೇಲಿನ ಹೊಸ ಅಧ್ಯಯನಗಳ ಆಧಾರದಲ್ಲಿ ಅವರು ಹೇಳಿದ್ದು ಇದು: ದೀರ್ಘಕಾಲದ ಸಂಕಟಕ್ಕೆ ಸಿಕ್ಕ ಜೀವಿ ಕೈಚೆಲ್ಲುವುದು ಕಲಿತ ಗುಣವಲ್ಲ, ಅದು ಮಿದುಳಿನ ಸಹಜ ಪ್ರತಿಕ್ರಿಯೆ. ಜೀವಿ ಕಲಿಯುವುದು ಅದರ ವಿರುದ್ಧವಾದದ್ದನ್ನು, ಅಂದರೆ ಪರಿಸ್ಥಿತಿ ತನ್ನ ಹತೋಟಿಯಲ್ಲಿದೆ ಎಂಬುದನ್ನು. ಈ ಹತೋಟಿಯನ್ನು ಗುರುತಿಸುವುದು ಮಿದುಳಿನ ಮುಂಭಾಗದ ಒಂದು ವಲಯ. ಅದು ಎಚ್ಚೆತ್ತಾಗ, ಕೈಚೆಲ್ಲುವಂತೆ ಮಾಡುವ ಒಳಭಾಗದ ನರಕೋಶಗಳನ್ನು ತಡೆಯುತ್ತದೆ. ಅಧ್ಯಯನದ ಹೆಸರೇ ತಲೆಕೆಳಗಾದರೂ ಸಾಮಾನ್ಯ ಮನುಷ್ಯನಿಗೆ ಇದರಲ್ಲಿ ಸಮಾಧಾನದ ಅಂಶವೇ ಇದೆ. ಕಷ್ಟದಲ್ಲಿ ಕುಸಿಯುವುದು ಯಾರದೇ ಸ್ವಭಾವದ ದೋಷವಲ್ಲ. ಮೇಲೇಳುವುದು ಮಾತ್ರ ಕಲಿಯಬೇಕಾದ ವಿದ್ಯೆ.

ಎಷ್ಟು ದಿನ, ಎಷ್ಟು ದೂರ, ಯಾರಿಂದ?

ಮನುಷ್ಯರ ವಿಷಯಕ್ಕೆ ಬಂದಾಗ ಸಂಶೋಧಕರಿಗೆ ಒಂದು ತೊಡಕು ಎದುರಾಯಿತು. ಒಂದೇ ಸಂಕಟಕ್ಕೆ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಪ್ರತಿಕ್ರಿಯಿಸುತ್ತಾರೆ. ಲಿನ್ ಅಬ್ರಾಮ್ಸನ್, ಸೆಲಿಗ್ಮನ್ ಮತ್ತು ಜಾನ್ ಟೀಸ್‌ಡೇಲ್ 1978ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಮನುಷ್ಯ ಘಟನೆಗೆ ಕಾರಣ ಹುಡುಕುತ್ತಾನೆ. ಆ ಕಾರಣ ಹುಡುಕುವ ರೀತಿಯಲ್ಲಿ ಪ್ರತಿಯೊಬ್ಬರಿಗೂ ಒಂದು ರೂಢಿಯಿರುತ್ತದೆ. ಇದಕ್ಕೆ 'ವಿವರಣಾ ಶೈಲಿ' ಎಂದು ಹೆಸರು. ಇದನ್ನು ಮೂರು ಪ್ರಶ್ನೆಗಳಿಂದ ಅಳೆಯಬಹುದು.

ಮೊದಲನೆಯದು, ಈ ಕಾರಣ ಎಷ್ಟು ದಿನ ಇರುತ್ತದೆ? "ನನಗೆ ಯಾವಾಗಲೂ ಹೀಗೆಯೇ" ಎನ್ನುವುದು ಶಾಶ್ವತ ಕಾರಣ. "ಈ ತಿಂಗಳು ಕೆಲಸದ ಒತ್ತಡ ಹೆಚ್ಚಿತ್ತು" ಎನ್ನುವುದು ತಾತ್ಕಾಲಿಕ. ಎರಡನೆಯದು, ಅದು ಎಷ್ಟು ದೂರ ಹರಡುತ್ತದೆ? "ನಾನು ಯಾವುದಕ್ಕೂ ಲಾಯಕ್ಕಿಲ್ಲ" ಎಂದರೆ ಒಂದು ವಿಷಯದ ಸೋಲು ಇಡೀ ಬದುಕಿಗೆ ಹಬ್ಬಿತು. "ಈ ಅಧ್ಯಾಯ ನನಗೆ ಅರ್ಥವಾಗಿಲ್ಲ" ಎಂದರೆ ಅದು ಅಲ್ಲಿಗೇ ನಿಂತಿತು. ಮೂರನೆಯದು, ಹೊಣೆ ಯಾರದು? ಎಲ್ಲವೂ ತನ್ನದೇ ತಪ್ಪು ಎನ್ನುವವರಿದ್ದಾರೆ. ಸನ್ನಿವೇಶದ ಪಾಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವವರೂ ಇದ್ದಾರೆ.

'ಹಣೆಬರಹ', 'ಗ್ರಹಚಾರ' ಎಂಬ ನಮ್ಮ ಆಡುಮಾತುಗಳನ್ನು ಈ ಅಳತೆಗೋಲಿನಿಂದ ನೋಡಿದರೆ ಒಂದು ಸೂಕ್ಷ್ಮ ಹೊಳೆಯುತ್ತದೆ. ಗ್ರಹಚಾರ ಇಂದಲ್ಲ ನಾಳೆ ಕಳೆಯುವಂಥದ್ದು, ಅದಕ್ಕೆ ಅವಧಿಯಿದೆ. ಹಣೆಬರಹವೋ ಅಳಿಸಲಾಗದ್ದು, ಬದುಕಿನ ಎಲ್ಲಕ್ಕೂ ಅನ್ವಯಿಸುವಂಥದ್ದು. ಎರಡನ್ನೂ ನಂಬದವರ ಬಾಯಲ್ಲೂ ಈ ಮಾತುಗಳು ಬರುತ್ತವೆ. ಯಾವ ಮಾತು ಹೆಚ್ಚು ಬರುತ್ತದೆ ಎಂಬುದರಿಂದ ಮನಸ್ಸಿನ ವಾಲಿಕೆ ತಿಳಿಯುತ್ತದೆ.

ಒಳ್ಳೆಯದು ನಡೆದಾಗ ಈ ಲೆಕ್ಕ ತಿರುವುಮುರುವಾಗುತ್ತದೆ. ನಿರಾಶಾವಾದಿ ತನ್ನ ಗೆಲುವನ್ನು "ಏನೋ ಅದೃಷ್ಟ ಚೆನ್ನಾಗಿತ್ತು" ಎಂದು ತಳ್ಳಿಹಾಕುತ್ತಾನೆ. ಆಶಾವಾದಿಯು ಅದರಲ್ಲಿ ತನ್ನ ಶ್ರಮವನ್ನು, ಮುಂದೆಯೂ ಉಳಿಯುವ ಗುಣವೊಂದನ್ನು ಕಾಣುತ್ತಾನೆ.

ಈ ರೂಢಿ ಬದುಕಿನಲ್ಲಿ ನಿಜಕ್ಕೂ ಪರಿಣಾಮ ಬೀರುತ್ತದೆಯೇ? 1980ರ ದಶಕದಲ್ಲಿ ಅಮೆರಿಕದ ಮೆಟ್ರೋಪಾಲಿಟನ್ ಲೈಫ್ ವಿಮಾ ಕಂಪನಿಯಲ್ಲಿ ಸೆಲಿಗ್ಮನ್ ಇದನ್ನು ಪರೀಕ್ಷಿಸಿದರು. ದಿನವಿಡೀ 'ಬೇಡ' ಎಂಬ ಉತ್ತರವನ್ನೇ ಕೇಳಬೇಕಾದ ವೃತ್ತಿ ವಿಮಾ ಏಜೆಂಟರದು. ಕಂಪನಿಯ ಮಾಮೂಲಿ ಅರ್ಹತಾ ಪರೀಕ್ಷೆಯಲ್ಲಿ ಸ್ವಲ್ಪದರಲ್ಲೇ ಅನುತ್ತೀರ್ಣರಾಗಿ, ಆದರೆ ಆಶಾವಾದದ ಪರೀಕ್ಷೆಯಲ್ಲಿ ಮೇಲುಗೈ ಸಾಧಿಸಿದವರ ವಿಶೇಷ ತಂಡವೊಂದನ್ನು ಪ್ರಯೋಗಕ್ಕಾಗಿ ನೇಮಿಸಲಾಯಿತು. ಅರ್ಹತೆ ಪಡೆದೂ ನಿರಾಶಾವಾದಿಗಳಾಗಿದ್ದ ಏಜೆಂಟರಿಗಿಂತ ಈ ತಂಡ ಮೊದಲ ವರ್ಷ ಶೇ. 21ರಷ್ಟು, ಎರಡನೆಯ ವರ್ಷ ಶೇ. 57ರಷ್ಟು ಹೆಚ್ಚು ವ್ಯಾಪಾರ ಮಾಡಿತೆಂದು ಸೆಲಿಗ್ಮನ್ ದಾಖಲಿಸಿದ್ದಾರೆ.

ಕೆಟ್ಟ ಸುದ್ದಿಯ ಸೆಳೆತ

ಆಶಾವಾದ ಇಷ್ಟು ಉಪಯುಕ್ತವಾದರೆ ಅದು ತಾನಾಗಿಯೇ ಏಕೆ ಬರುವುದಿಲ್ಲ? ಇದಕ್ಕೆ ಅಂಶತಃ ಹುಟ್ಟುಗುಣ ಕಾರಣ. ಅವಳಿಗಳ ಮೇಲೆ ನಡೆದ ಅಧ್ಯಯನವೊಂದು 1992ರಲ್ಲಿ ಅಂದಾಜಿಸಿದಂತೆ, ಆಶಾವಾದದಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಸುಮಾರು ಕಾಲು ಭಾಗಕ್ಕೆ ವಂಶವಾಹಿಗಳ ನಂಟಿದೆ. ಉಳಿದ ಬಹುಪಾಲು ಬೆಳೆದ ವಾತಾವರಣ, ಪಡೆದ ಅನುಭವಗಳಿಗೆ ಸೇರಿದ್ದು.

ಇನ್ನೊಂದು ಕಾರಣ ಎಲ್ಲರಿಗೂ ಸಮಾನವಾದುದು. ಹತ್ತು ಜನ ಹೊಗಳಿ ಒಬ್ಬ ತೆಗಳಿದರೆ, ರಾತ್ರಿ ಹಾಸಿಗೆಯ ಮೇಲೆ ನೆನಪಾಗುವುದು ಆ ಒಬ್ಬನ ಮಾತು. ಒಳ್ಳೆಯದಕ್ಕಿಂತ ಕೆಟ್ಟದ್ದು ಮನಸ್ಸಿನ ಮೇಲೆ ಬಲವಾಗಿ ಅಚ್ಚೊತ್ತುತ್ತದೆ ಎಂಬುದನ್ನು ರಾಯ್ ಬೌಮೈಸ್ಟರ್ ಮತ್ತು ಸಂಗಡಿಗರು 2001ರಲ್ಲಿ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ತೋರಿಸಿದರು. ಸುದ್ದಿ ಓದುವುದರಲ್ಲೂ ಇದೇ ಗುಣ ಕೆಲಸ ಮಾಡುತ್ತದೆ. ಅಮೆರಿಕದ ಜಾಲತಾಣವೊಂದರ ಸುಮಾರು 1,05,000 ಶೀರ್ಷಿಕೆಗಳನ್ನು ಪರಿಶೀಲಿಸಿ 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಶೀರ್ಷಿಕೆಯಲ್ಲಿ ಒಂದೊಂದು ನಕಾರಾತ್ಮಕ ಪದ ಸೇರಿದಂತೆಲ್ಲ ಓದುಗರು ಅದನ್ನು ಕ್ಲಿಕ್ಕಿಸುವ ಪ್ರಮಾಣ ಶೇ. 2.3ರಷ್ಟು ಏರುತ್ತಿತ್ತು. ಬೆಳಿಗ್ಗೆ ಎದ್ದೊಡನೆ ಮೊಬೈಲಿನಲ್ಲಿ ಸುದ್ದಿಗಳನ್ನು ನೋಡುವವರಿಗೆ ಜಗತ್ತೆಲ್ಲ ಹಾಳಾಗುತ್ತಿದೆ ಎನಿಸಿದರೆ, ಅದರಲ್ಲಿ ಜಗತ್ತಿನ ಪಾಲೆಷ್ಟೋ ಬೆರಳಿನ ಪಾಲೂ ಅಷ್ಟೇ ಇದೆ.

ಹೃದಯಕ್ಕೂ ಆಯುಷ್ಯಕ್ಕೂ ನಂಟು

ಆಶಾವಾದ ಮತ್ತು ಆರೋಗ್ಯದ ಸಂಬಂಧವನ್ನು ಕುರಿತು 2019ರಲ್ಲಿ ಎರಡು ಗಮನಾರ್ಹ ವರದಿಗಳು ಹೊರಬಂದವು. ಒಟ್ಟು 2,29,391 ಜನರನ್ನು ಒಳಗೊಂಡ 15 ಅಧ್ಯಯನಗಳನ್ನು ಒಟ್ಟಾಗಿ ವಿಶ್ಲೇಷಿಸಿದಾಗ, ಆಶಾವಾದಿಗಳಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂತಹ ತೊಂದರೆಗಳ ಅಪಾಯ ಶೇ. 35ರಷ್ಟು ಕಡಿಮೆಯಿತ್ತು. ಬಾಸ್ಟನ್ನಿನ ಸಂಶೋಧಕರು 69,744 ಮಹಿಳೆಯರು ಮತ್ತು 1,429 ಪುರುಷರ ಮಾಹಿತಿಯನ್ನು ಪರಿಶೀಲಿಸಿದ ಇನ್ನೊಂದು ಅಧ್ಯಯನದಲ್ಲಿ, ಅತಿ ಹೆಚ್ಚು ಆಶಾವಾದವಿದ್ದವರ ಆಯುಷ್ಯ ಅತಿ ಕಡಿಮೆ ಇದ್ದವರಿಗಿಂತ ಸರಾಸರಿ ಶೇ. 11ರಿಂದ 15ರಷ್ಟು ಹೆಚ್ಚಾಗಿ ಕಂಡುಬಂತು.

ಇಂತಹ ಅಂಕಿಗಳನ್ನು ಎಚ್ಚರದಿಂದ ಓದಬೇಕು. ಇವು ನಂಟನ್ನು ತೋರಿಸುತ್ತವೆಯೇ ಹೊರತು ಆಶಾವಾದವೇ ಆಯುಷ್ಯವನ್ನು ಹೆಚ್ಚಿಸಿತೆಂದು ಸಾಬೀತುಪಡಿಸುವುದಿಲ್ಲ. ಆರೋಗ್ಯವಾಗಿರುವವರಿಗೆ ಆಶಾವಾದಿಯಾಗಿರುವುದು ಸುಲಭವೂ ಹೌದು. ಆದರೂ ನಡುವಿನ ಕೊಂಡಿಯೊಂದು ಸಾಮಾನ್ಯ ಬುದ್ಧಿಗೆ ನಿಲುಕುವಂಥದ್ದು. ನಾಳೆ ಚೆನ್ನಾಗಿರಬಹುದು ಎಂದು ನಂಬುವವನು ಇಂದು ಬೆಳಗಿನ ನಡಿಗೆಗೆ ಹೊರಡುತ್ತಾನೆ, ವೈದ್ಯರು ಹೇಳಿದ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ನುಂಗುತ್ತಾನೆ. "ಏನು ಮಾಡಿದರೇನು" ಎನ್ನುವವನು ಎರಡನ್ನೂ ಬಿಡುತ್ತಾನೆ.

ಮನಸ್ಸಿನೊಡನೆ ವಾದ

ಹಾಗಾದರೆ ಈ ರೂಢಿಯನ್ನು ಬದಲಿಸುವ ಬಗೆ ಹೇಗೆ? ಅಮೆರಿಕದ ಆಲ್ಬರ್ಟ್ ಎಲ್ಲಿಸ್ 1950ರ ದಶಕದಲ್ಲಿ, ಆರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ ಚಿಕಿತ್ಸಾ ವಿಧಾನಗಳೇ ಇದಕ್ಕೆ ಆಧಾರ. ಘಟನೆ ನೇರವಾಗಿ ನಮ್ಮನ್ನು ಕುಗ್ಗಿಸುವುದಿಲ್ಲ; ಘಟನೆಯ ಬಗ್ಗೆ ಮನಸ್ಸಿನಲ್ಲಿ ತಟ್ಟನೆ ಮೂಡುವ ನಂಬಿಕೆ ಕುಗ್ಗಿಸುತ್ತದೆ. ಆ ನಂಬಿಕೆಯನ್ನು ಹಿಡಿದು ನಿಲ್ಲಿಸಿ ಪ್ರಶ್ನಿಸಬೇಕು ಎಂಬುದು ಇದರ ತಿರುಳು.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಮನೆಯ ಮುಂಭಾಗದಲ್ಲೇ ಹೊಲಿಗೆ ಅಂಗಡಿ ಆರಂಭಿಸಿದ ಗೃಹಿಣಿಯೊಬ್ಬರನ್ನು ಕಲ್ಪಿಸಿಕೊಳ್ಳಿ. ಗಿರಾಕಿಯೊಬ್ಬರು ರವಿಕೆಯನ್ನು ವಾಪಸು ತಂದು, "ಹೀಗಾ ಹೊಲಿಯುವುದು?" ಎಂದು ನಾಲ್ವರ ಎದುರಿಗೇ ಗದರಿ ಹೋಗುತ್ತಾರೆ. "ನನ್ನ ಕೈಗೆ ಕೆಲಸವೇ ಬರುವುದಿಲ್ಲ, ಇನ್ನು ಯಾರೂ ಬಟ್ಟೆ ಕೊಡುವುದಿಲ್ಲ" ಎಂಬ ಯೋಚನೆ ಆ ಗೃಹಿಣಿಯಲ್ಲಿ ಮೂಡುತ್ತದೆ. ಯಂತ್ರದ ಮುಂದೆ ಕೂರಲು ಮನಸ್ಸಾಗುವುದಿಲ್ಲ. ಈಗ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ನಾಲ್ಕು.

ಸಾಕ್ಷ್ಯವೇನು? ಈ ತಿಂಗಳು ಕೊಟ್ಟ ನಲವತ್ತು ರವಿಕೆಗಳಲ್ಲಿ ದೂರು ಬಂದದ್ದು ಎರಡಕ್ಕೆ. ಬೇರೆ ಕಾರಣವಿರಬಹುದೇ? ಅಳತೆ ತೆಗೆದುಕೊಳ್ಳದೆ, ಅವರು ತಂದಿದ್ದ ಹಳೆಯ ರವಿಕೆಯನ್ನೇ ನೋಡಿ ಕತ್ತರಿಸಿದ್ದು ತಪ್ಪಾಗಿರಬಹುದು. ಹೆಚ್ಚೆಂದರೆ ಏನಾದೀತು? ಒಬ್ಬ ಗಿರಾಕಿ ಕೈತಪ್ಪಬಹುದು, ಅಂಗಡಿಯೇನೂ ಮುಚ್ಚುವುದಿಲ್ಲ. ಈ ಹೊತ್ತು ಹೀಗೆ ಯೋಚಿಸುತ್ತ ಕೂತರೆ ಉಪಯೋಗವಿದೆಯೇ? ಸಂಜೆಯೊಳಗೆ ಕೊಡಬೇಕಾದ ಇನ್ನೊಂದು ಬಟ್ಟೆ ತಡವಾಗುತ್ತದೆ, ಅಷ್ಟೇ.

ಈ ವಾದದಲ್ಲಿ ಸುಳ್ಳು ಸಮಾಧಾನವಿಲ್ಲ ಎಂಬುದನ್ನು ಗಮನಿಸಬೇಕು. ತಪ್ಪು ನಡೆದಿದ್ದರೆ ಅದನ್ನು ಒಪ್ಪಿಕೊಳ್ಳಲಾಗಿದೆ. ಅದರ ಗಾತ್ರವನ್ನು ಮಾತ್ರ ಸರಿಯಾಗಿ ಅಳೆಯಲಾಗಿದೆ. ಇನ್ನು ಮುಂದೆ ಅಳತೆ ತೆಗೆದೇ ಕತ್ತರಿಸಬೇಕು ಎಂಬ ದಾರಿಯೂ ತೆರೆದಿದೆ. "ನಾನು ಅತ್ಯುತ್ತಮ, ನನಗೆ ಎಲ್ಲವೂ ಸಾಧ್ಯ" ಎಂದು ಕನ್ನಡಿಯ ಮುಂದೆ ನಿಂತು ಹೇಳಿಕೊಳ್ಳುವುದಕ್ಕೂ ಇದಕ್ಕೂ ಅಜಗಜಾಂತರ.

ಇನ್ನೊಂದು ಅಭ್ಯಾಸ ಇದಕ್ಕಿಂತ ಸರಳ. ಪ್ರತಿ ರಾತ್ರಿ ಆ ದಿನ ನಡೆದ ಮೂರು ಒಳ್ಳೆಯ ಸಂಗತಿಗಳನ್ನು ಬರೆದು, ಅವು ಏಕೆ ನಡೆದವು ಎಂಬುದನ್ನೂ ಪಕ್ಕದಲ್ಲಿ ಗುರುತಿಸುವುದು. ಒಂದು ವಾರ ಹೀಗೆ ಮಾಡಿದವರಲ್ಲಿ ಖಿನ್ನತೆಯ ಲಕ್ಷಣಗಳು ಕಡಿಮೆಯಾಗಿ, ಆರು ತಿಂಗಳವರೆಗೂ ಪರಿಣಾಮ ಉಳಿದಿತ್ತೆಂದು ಸೆಲಿಗ್ಮನ್ ಮತ್ತು ಸಂಗಡಿಗರ 2005ರ ವರದಿ ಹೇಳಿತು. ವಾರ ಮುಗಿದ ಮೇಲೂ ಬರೆಯುವುದನ್ನು ಮುಂದುವರಿಸಿದವರಿಗೆ ಲಾಭ ಹೆಚ್ಚು. ನಂತರದ ಅಧ್ಯಯನಗಳಲ್ಲಿ ಇಂತಹ ಅಭ್ಯಾಸಗಳ ಪರಿಣಾಮ ಅಷ್ಟು ದೊಡ್ಡದಾಗಿ ಕಂಡಿಲ್ಲವಾದರೂ ಇದಕ್ಕೆ ಬೇಕಾದದ್ದು ಹತ್ತು ನಿಮಿಷ ಮತ್ತು ಒಂದು ನೋಟ್‌ಪುಸ್ತಕ ಮಾತ್ರ. 'ಏಕೆ' ಎಂಬ ಪ್ರಶ್ನೆ ಇಲ್ಲಿ ಮುಖ್ಯ. ಒಳ್ಳೆಯದಕ್ಕೂ ಕಾರಣವಿದೆ, ಅದರಲ್ಲಿ ತನ್ನ ಪಾಲೂ ಇದೆ ಎಂಬುದನ್ನು ಮನಸ್ಸಿಗೆ ಕಲಿಸುವುದು ಅದೇ.

ಹಗಲುಗನಸು ಸಾಲದು

ಗೆದ್ದ ದೃಶ್ಯವನ್ನು ಕಣ್ಣಮುಂದೆ ತಂದುಕೊಂಡರೆ ಗೆಲುವು ತಾನಾಗಿಯೇ ಬರುತ್ತದೆ ಎಂದು ಬೋಧಿಸುವ ಪುಸ್ತಕಗಳಿಗೂ ಶಿಬಿರಗಳಿಗೂ ಕೊರತೆಯಿಲ್ಲ. ಜರ್ಮನ್ ಮೂಲದ ಮನೋವಿಜ್ಞಾನಿ ಗೇಬ್ರಿಯೆಲಾ ಓಟಿಂಗನ್ ಇದನ್ನು ಪ್ರಶ್ನಿಸಿದರು. ತೂಕ ಇಳಿಸುವ ಕಾರ್ಯಕ್ರಮಕ್ಕೆ ಸೇರಿದ 25 ಮಹಿಳೆಯರನ್ನು ಕುರಿತ, 1991ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡು ಸಂಗತಿಗಳು ಬೇರೆಬೇರೆಯಾಗಿ ಕಂಡವು. 'ನನ್ನಿಂದ ಸಾಧ್ಯ' ಎಂಬ ನಿರೀಕ್ಷೆಯಿದ್ದವರು ಹೆಚ್ಚು ತೂಕ ಇಳಿಸಿದರು. ತೆಳ್ಳಗಾದ ತಮ್ಮ ರೂಪವನ್ನು ಬಣ್ಣಬಣ್ಣವಾಗಿ ಕಲ್ಪಿಸಿಕೊಳ್ಳುತ್ತ ಕೂತವರು ಇಳಿಸಿದ್ದು ಕಡಿಮೆ. ಕನಸಿನಲ್ಲೇ ಗುರಿ ಮುಟ್ಟಿದ ಮನಸ್ಸು ನಡೆಯುವ ಶ್ರಮವನ್ನು ಮರೆಯುತ್ತದೆ ಎಂಬುದು ಓಟಿಂಗನ್ ಅವರ ವಿವರಣೆ.

ಅವರು ಸೂಚಿಸುವ ಕ್ರಮದಲ್ಲಿ ನಾಲ್ಕು ಹೆಜ್ಜೆಗಳಿವೆ. ಏನು ಬೇಕು ಎಂದು ನಿರ್ಧರಿಸುವುದು, ಅದು ದೊರೆತರೆ ಆಗುವ ಒಳಿತನ್ನು ಊಹಿಸುವುದು, ತನ್ನೊಳಗೇ ಇರುವ ಅಡ್ಡಿಯನ್ನು ಪ್ರಾಮಾಣಿಕವಾಗಿ ಗುರುತಿಸುವುದು, ಆ ಅಡ್ಡಿ ಎದುರಾದಾಗ ಏನು ಮಾಡಬೇಕೆಂದು ಮೊದಲೇ ತೀರ್ಮಾನಿಸುವುದು. "ಊಟವಾದ ಮೇಲೆ ಮೊಬೈಲ್ ಕೈಗೆ ಬಂದರೆ, ಅದನ್ನು ಪಕ್ಕದ ಕೋಣೆಯಲ್ಲಿಟ್ಟು ಪುಸ್ತಕ ತೆಗೆಯುತ್ತೇನೆ" ಎಂಬಷ್ಟು ಸಣ್ಣ ಯೋಜನೆ ಸಾಕು.

ನಿರಾಶೆಗೂ ಅದರದೇ ಜಾಗವಿದೆ. ಅಪಘಾತ, ಕಾಯಿಲೆಗಳು ಬೇರೆಯವರಿಗೆ ಬರುತ್ತವೆ, ತನಗಲ್ಲ ಎಂಬ ಭ್ರಮೆ ಬಹುತೇಕ ಎಲ್ಲರಲ್ಲೂ ಇರುತ್ತದೆಂದು ನೀಲ್ ವೈನ್‌ಸ್ಟೈನ್ 1980ರಲ್ಲೇ ತೋರಿಸಿದ್ದರು. ಹೆಲ್ಮೆಟ್ ಇಲ್ಲದೆ ಹೊರಡುವವನೂ ಕೈಸಾಲ ತಂದು ಷೇರುಪೇಟೆಗೆ ಸುರಿಯುವವನೂ ಒಂದರ್ಥದಲ್ಲಿ ಆಶಾವಾದಿಗಳೇ. ಕೆಟ್ಟದ್ದನ್ನು ಮೊದಲೇ ಊಹಿಸಿ ಅದಕ್ಕೆ ತಕ್ಕಂತೆ ಸಿದ್ಧರಾಗುವುದರಿಂದಲೇ ಚೆನ್ನಾಗಿ ಕೆಲಸ ಮಾಡುವ ಜನರೂ ಇದ್ದಾರೆ. ಜೂಲಿ ನೊರೆಮ್ ಮತ್ತು ನ್ಯಾನ್ಸಿ ಕ್ಯಾಂಟರ್ 1986ರಲ್ಲಿ ಇದನ್ನು 'ರಕ್ಷಣಾತ್ಮಕ ನಿರಾಶಾವಾದ' ಎಂದು ಕರೆದರು. ಸೋತರೆ ತೆರಬೇಕಾದ ಬೆಲೆ ದೊಡ್ಡದಿರುವ ಕಡೆ ಆಶಾವಾದ ತರವಲ್ಲ ಎಂದು ಸ್ವತಃ ಸೆಲಿಗ್ಮನ್ ಎಚ್ಚರಿಸುತ್ತಾರೆ. ಅರ್ಜಿ ಹಾಕಲು, ಮತ್ತೊಮ್ಮೆ ಪ್ರಯತ್ನಿಸಲು, ಮುನಿದ ಸ್ನೇಹಿತನಿಗೆ ತಾನೇ ಮೊದಲು ಫೋನ್ ಮಾಡಲು ಆಶಾವಾದ ಬೇಕು. ವಾಹನ ಚಲಾಯಿಸುವಾಗ, ಸಾಲಪತ್ರಕ್ಕೆ ಸಹಿ ಹಾಕುವಾಗ ಅನುಮಾನವೇ ಒಳ್ಳೆಯದು.

ಸಮಾಧಾನದ ಮಾತಿನ ಮಿತಿ

"ಕಷ್ಟ ಮನುಷ್ಯರಿಗೆ ಬಾರದೆ ಮರಕ್ಕೆ ಬರುತ್ತದೆಯೇ" ಎಂದು ಹಿರಿಯರು ಹೇಳುವುದುಂಟು. ಕಷ್ಟ ನಿನ್ನೊಬ್ಬನದಲ್ಲ, ನಿನ್ನ ದೋಷದಿಂದಲೇ ಬಂದದ್ದೂ ಅಲ್ಲ ಎಂಬ ಧ್ವನಿ ಅದರಲ್ಲಿದೆ. ಇದಕ್ಕೆ ಹೋಲಿಸಿದರೆ "ಧನಾತ್ಮಕವಾಗಿ ಯೋಚಿಸು, ಎಲ್ಲ ಸರಿಹೋಗುತ್ತದೆ" ಎಂಬ ಈಚಿನ ಬುದ್ಧಿವಾದ ಕೆಲವೊಮ್ಮೆ ಗಾಯಕ್ಕೆ ಉಪ್ಪು ಸವರುತ್ತದೆ. ಕೆಲಸ ಕಳೆದುಕೊಂಡು ಮನೆ ಸಾಲದ ಕಂತು ಕಟ್ಟಲಾಗದೆ ಕುಳಿತವನಿಗೆ ಅವನ ಯೋಚನೆಯೇ ತಪ್ಪು ಎಂದಂತಾಗುತ್ತದೆ ಅದು. ಅವನಿಗೆ ಮೊದಲು ಬೇಕಾದದ್ದು ಕೇಳುವ ಕಿವಿ, ಬಳಿಕ ಬ್ಯಾಂಕಿನೊಡನೆ ಕಂತಿನ ಬಗ್ಗೆ ಮಾತನಾಡುವಂತಹ ಒಂದು ಸಣ್ಣ ಹೆಜ್ಜೆಗೆ ನೆರವು. ಹತೋಟಿಯಲ್ಲಿರುವ ಏನಾದರೊಂದು ಕೈಗೆ ಸಿಕ್ಕಾಗಲೇ ಮಿದುಳು ಚೇತರಿಸಿಕೊಳ್ಳುತ್ತದೆ ಎಂಬ 2016ರ ತಿದ್ದುಪಡಿಯನ್ನು ಇಲ್ಲಿ ನೆನೆಯಬಹುದು.

ಮಕ್ಕಳ ವಿಷಯದಲ್ಲಿ ದೊಡ್ಡವರ ಮಾತಿಗೆ ಇನ್ನೂ ಹೆಚ್ಚಿನ ತೂಕವಿದೆ. "ನೀನು ದಡ್ಡ" ಎಂಬ ಮಾತು ಶಾಶ್ವತ, ವ್ಯಾಪಕ, ವೈಯಕ್ತಿಕ ಮೂರೂ ಹೌದು. "ಈ ಲೆಕ್ಕದಲ್ಲಿ ಎರಡನೆಯ ಸಾಲು ತಪ್ಪಿದೆ ನೋಡು" ಎಂಬ ಮಾತು ಮೂರೂ ಅಲ್ಲ. ಗದರಿಕೆಯ ದನಿ ಒಂದೇ ಆದರೂ ಮಗು ಕಲಿಯುವ ವಿವರಣಾ ಶೈಲಿ ಬೇರೆಯಾಗುತ್ತದೆ.

ಕೊನೆಯದಾಗಿ ಒಂದು ಎಚ್ಚರಿಕೆ. ನಿರಾಶಾವಾದ ಬೇರೆ, ಖಿನ್ನತೆ ಬೇರೆ. ಎರಡು ವಾರಗಳಿಗೂ ಮೀರಿ ಮನಸ್ಸು ಮಂಕಾಗಿದ್ದು, ನಿದ್ರೆ, ಹಸಿವು ಕೆಟ್ಟು, ಮೊದಲು ಇಷ್ಟವಾಗಿದ್ದುದೂ ಬೇಡವೆನಿಸಿದರೆ ಅದು ಚಿಕಿತ್ಸೆ ಬೇಕಾದ ಕಾಯಿಲೆಯ ಲಕ್ಷಣವಿರಬಹುದು. ನೋಟ್‌ಪುಸ್ತಕದ ಮೂರು ಸಾಲುಗಳು ಅದಕ್ಕೆ ಮದ್ದಲ್ಲ. ಬದುಕೇ ಬೇಡ ಎಂಬ ಯೋಚನೆ ಸುಳಿದರಂತೂ ತಡಮಾಡದೆ ನೆರವು ಪಡೆಯಬೇಕು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮಾರ್ಗದರ್ಶನದಲ್ಲಿ ನಡೆಯುತ್ತಿದೆ. 14416 ಸಂಖ್ಯೆಗೆ ದಿನದ ಯಾವುದೇ ಹೊತ್ತಿನಲ್ಲಿ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಕೋಣೆಯ ಬಾಗಿಲು ಹಾಕಿಕೊಂಡ ಆ ಮೊದಲನೆಯ ವಿದ್ಯಾರ್ಥಿಯ ಬಳಿಗೆ ಮತ್ತೆ ಬರುವುದಾದರೆ, ಅವನ ಹಣೆಯ ಮೇಲೆ ಏನು ಬರೆದಿದೆಯೋ ಯಾರೂ ಓದಿದವರಿಲ್ಲ. ಉತ್ತರಪತ್ರಿಕೆಯಲ್ಲಿ ಏನು ಬರೆದಿದ್ದಾನೆ ಎಂಬುದನ್ನು ಮಾತ್ರ ಓದಬಹುದು. ಮನೆಯವರು ಯಾರಾದರೂ ಬಾಗಿಲು ತಟ್ಟಿ, ಪಕ್ಕದಲ್ಲಿ ಕುಳಿತು, ಅಂಕ ಹೋದದ್ದು ಎಲ್ಲಿ ಎಂದು ಅವನೊಡನೆ ಸಾವಧಾನವಾಗಿ ನೋಡಿದರೆ ಆಶಾವಾದದ ಮೊದಲ ಪಾಠ ಅಲ್ಲಿಂದಲೇ ಶುರುವಾದೀತು.